ಶಾವಂತ್ರಕ್ಕನ ಮೂರು ನಿಮಿಷ

ಬಾಗಲಕೋಟೆ, ಹಿನ್ನೀರಿನ ದಂಡೆ
ಫೆಬ್ರವರಿ ೩೦, ೨೧೮೭

ನನಗಿಂತ ನೂರರವತ್ತು ವರ್ಷ ಮೊದಲು ಬದುಕುತ್ತಿರುವ ನಿಮಗೆ, ಕಸ್ತೂರಿ ಮುಧೋಳಳ ನಮಸ್ಕಾರ.

ಮೇಲಿನ ತಾರೀಖು ನೋಡಿ ಕಾಗದವನ್ನು ಪಕ್ಕಕ್ಕಿಡಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಯಾವಾಗ, ಯಾಕೆ ಸೇರಿಸಿದರೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ನಾನು ಮರೆತಿದ್ದೇನೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕೆಲವಕ್ಕೆ ನಗುವೂ ಬರಬಹುದು. ಅದಕ್ಕೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳನ್ನು ಓದಿ ಕಲಿತವಳು. ಆಡಿ ತೋರಿಸುವವರು ಯಾರೂ ಸಿಕ್ಕಲಿಲ್ಲ.

ನಾನು ಕೆಲಸ ಮಾಡುವ ಜಾಗಕ್ಕೆ ಮೈಮನೆ ಎಂದು ಹೆಸರು. ನಿಮ್ಮಲ್ಲಿ ಫಿಸಿಯೋಥೆರಪಿ ಕೇಂದ್ರ ಎಂದು ಬೋರ್ಡು ಹಾಕುತ್ತಿದ್ದರಂತೆ, ಹೆಚ್ಚುಕಡಿಮೆ ಅದೇ. ಇಲ್ಲಿ ಕೆಲಸ ಮಾಡುವ ನಮ್ಮನ್ನು ಒಡನಡೆಯವರು ಎನ್ನುತ್ತಾರೆ. ನೋವಿರುವವರ ಜೊತೆಗೆ ನಡೆಯುವುದೇ ನಮ್ಮ ಕಸುಬು, ಕೆಲವೊಮ್ಮೆ ಅಕ್ಷರಶಃ. ಕೆಲಸಕ್ಕೆ ಸೇರಿ ಐದು ವರ್ಷ ತುಂಬಿದ ಒಡನಡೆಯವರು ಹಿಂದಿನ ಕಾಲದವರಿಗೆ ಒಂದು ಕಾಗದ ಬರೆಯಬೇಕೆಂಬ ಪದ್ಧತಿ ಇಲ್ಲುಂಟು. ಹಿಂದೋಲೆ ಎನ್ನುತ್ತಾರೆ. ಅದು ತಲುಪುತ್ತದೆಂದು ಯಾರೂ ನಂಬಿಲ್ಲ, ಆದರೂ ಎಲ್ಲರೂ ಬರೆಯುತ್ತಾರೆ. ಒಬ್ಬರ ಕತೆಯನ್ನಷ್ಟೇ ಬರೆಯಬೇಕು, ತಾನು ಗೆದ್ದದ್ದನ್ನು ಮಾತ್ರ ಬರೆಯಕೂಡದು ಎಂಬುದು ನಿಯಮ. ನಾನು ಶಾವಂತ್ರಿ ಬೀಳಗಿ ಎಂಬ ಹೆಂಗಸಿನ ಕತೆ ಬರೆಯುತ್ತಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಮ್ಮೂರಿನಲ್ಲಿ ಬೇಸಿಗೆಯ ಹೊತ್ತು ಬೆಳಗ್ಗೆ ಹನ್ನೊಂದಕ್ಕೆ ಎಲ್ಲ ಕದಗಳೂ ಮುಚ್ಚುತ್ತವೆ. ಅಂಗಡಿ, ಶಾಲೆ, ಕಚೇರಿ ಎಲ್ಲವೂ ಮತ್ತೆ ತೆರೆಯುವುದು ನಾಲ್ಕಕ್ಕೆ. ಹೊರಗೆ ಓಡಾಡುವುದು ನೀರುಬಸ್ಸು ಮಾತ್ರ. ಹಿನ್ನೀರು ಈಗ ನೀವು ನೋಡಿರುವುದಕ್ಕಿಂತ ಬಹಳ ಅಗಲವಾಗಿದೆ. ಊರಿಂದ ಊರಿಗೆ ಹೋಗಬೇಕಾದರೆ ಚಾವಣಿಯ ತುಂಬ ವಿದ್ಯುತ್ತು ಕೊಡುವ ಬಿಸಿಲುಹಲಗೆ ಹೊದ್ದ ಈ ಉದ್ದನೆಯ ದೋಣಿಗಳೇ ಗತಿ. ಒಂದರಲ್ಲಿ ಎಪ್ಪತ್ತು ಜನ ಕೂರುತ್ತಾರೆ. ನೀರಿನ ಕೆಳಗೆ ಹಳೆಯ ಗೋಡೆ, ಕಂಬ, ಸೇತುವೆಯ ತುಂಡುಗಳಿವೆ. ಅವುಗಳ ನಡುವೆ ದಾರಿ ಗೊತ್ತಿದ್ದವರೇ ಚುಕ್ಕಾಣಿ ಹಿಡಿಯಬೇಕು. ಶಾವಂತ್ರಕ್ಕ ಹತ್ತೊಂಬತ್ತು ವರ್ಷ ಬಡಗಣ ಮಾರ್ಗದ ಚುಕ್ಕಾಣಿ ಹಿಡಿದವರು. ಎರಡೂವರೆ ತಾಸಿನ ದಾರಿ. ಒಂದು ಸಲವೂ ಅವರ ದೋಣಿ ಎಲ್ಲೂ ತಾಗಿರಲಿಲ್ಲ. ಅವರು ಹಾಯ್ದುಹೋಗುವಾಗ ಬೇರೆ ಚಾಲಕರು ತಮ್ಮ ದೋಣಿಯ ವೇಗ ಇಳಿಸಿ ನೋಡುತ್ತಿದ್ದರು ಎಂದು ಕೇಳಿದ್ದೇನೆ.

ನಿಮ್ಮ ಕಾಲದ ವೈದ್ಯರು ಫೈಬ್ರೊಮಯಾಲ್ಜಿಯಾ ಎಂದ ಬೇನೆಗೆ ನಾವು ಮೈತುಂಬು ಎನ್ನುತ್ತೇವೆ. ಕುತ್ತಿಗೆಯಲ್ಲಿ ಶುರುವಾದ ನೋವು ಭುಜಕ್ಕೆ, ಸೊಂಟಕ್ಕೆ, ತೊಡೆಗೆ ಇಳಿದು ಕೊನೆಗೆ ಇಲ್ಲಿಲ್ಲ ಎನ್ನುವ ಜಾಗವೇ ಉಳಿಯುವುದಿಲ್ಲ. ಎಂಟು ತಾಸು ಮಲಗಿದರೂ ಎದ್ದಾಗ ಮಲಗೇ ಇಲ್ಲವೆನ್ನುವಷ್ಟು ದಣಿವು. ಹೇಳಹೊರಟ ಮಾತು ನಡುವೆಯೇ ಮರೆತುಹೋಗುತ್ತದೆ. ಶಾವಂತ್ರಕ್ಕನಿಗೆ ಇದು ಶುರುವಾಗಿ ಮೂರು ವರ್ಷವಾಗಿತ್ತು. ಆಗ ಅವರಿಗೆ ನಲವತ್ತಾರು ವರ್ಷ.

ನೂರರವತ್ತು ವರ್ಷದಲ್ಲಿ ಇದಕ್ಕೊಂದು ಮದ್ದು ಸಿಕ್ಕಿರಬೇಕೆಂದು ನೀವು ಅಂದುಕೊಂಡಿರುತ್ತೀರಿ. ಸಿಕ್ಕಿಲ್ಲ. ಸಿಕ್ಕಿದ್ದು ಗಾಯಗನ್ನಡಿ. ಅಂಗೈಯಗಲದ ಗಾಜು, ಮೈಮೇಲೆ ಹಿಡಿದರೆ ಒಳಗೆ ಎಲ್ಲಿ ಹರಿದಿದೆ, ಎಲ್ಲಿ ಬಾತಿದೆ ಎಂಬುದನ್ನು ಕೆಂಪಾಗಿ ತೋರಿಸುತ್ತದೆ, ಎಲ್ಲ ಸರಿಯಿದ್ದರೆ ಹಸಿರಾಗುತ್ತದೆ. ಪ್ರತಿ ಮನೆಯಲ್ಲೂ ಒಂದು ಇರುತ್ತದೆ. ಬಿದ್ದ ಮಕ್ಕಳಿಗೆ, ಮುರಿದ ಮೂಳೆಗೆ ಅದರಷ್ಟು ಉಪಕಾರ ಮಾಡಿದ ವಸ್ತು ಇನ್ನೊಂದಿಲ್ಲ. ಆದರೆ ಮೈತುಂಬಿನವರ ಮೇಲೆ ಹಿಡಿದರೆ ನೆತ್ತಿಯಿಂದ ಅಂಗಾಲಿನ ತನಕ ಅದು ಹಸಿರು. ಯಾಕೆಂದರೆ ಕನ್ನಡಿ ಗಾಯವನ್ನು ಕಾಣುತ್ತದೆ, ನೋವನ್ನು ಕಾಣುವುದಿಲ್ಲ. ಇದು ನಮಗೆ ಗೊತ್ತು. ಮನೆಯವರಿಗೆ ಗೊತ್ತಿರುವುದಿಲ್ಲ.

ಶಾವಂತ್ರಕ್ಕ ಮೊದಲ ದಿನ ಬಂದಾಗ ಜೊತೆಗೆ ಗಂಡ ಬಸಲಿಂಗಪ್ಪನೂ ಬಂದಿದ್ದರು. ಬಿಸಿಲುಹಲಗೆ ರಿಪೇರಿ ಮಾಡುವ ಸಾಧು ಮನುಷ್ಯ. ನಾನು ಏನೂ ಕೇಳುವ ಮೊದಲೇ ಕಿಸೆಯಿಂದ ಕನ್ನಡಿ ತೆಗೆದು ಹೆಂಡತಿಯ ಬೆನ್ನ ಮೇಲೆ ಹಿಡಿದರು.

“ನೋಡ್ರಿ ಬಾಯಾರ, ಹಸರ ಐತಿ. ಮೂರು ವರ್ಷಾತು, ದಿನಾ ಹಿಡದ ನೋಡ್ತೀನಿ, ಹಸರನ. ನಾ ಅಕೀಗೆ ಸುಳ್ಳ ಹೇಳ್ತಿ ಅನ್ನಂಗಿಲ್ರಿ. ಆದ್ರ ಏನ್ ತಿಳಕೋಬೇಕು ನಾ?”

ಶಾವಂತ್ರಕ್ಕ ಗೋಡೆ ನೋಡುತ್ತ ಕುಳಿತಿದ್ದರು. ನಾನು ಭುಜದ ಮೇಲೆ ಕೈಯಿಟ್ಟೆ, ಒತ್ತಲೂ ಇಲ್ಲ. ಅವರ ಮೈಯೆಲ್ಲ ಹಿಂದಕ್ಕೆ ಸರಿಯಿತು. ಅದಕ್ಕಾಗಿ ಅವರೇ ನಾಚಿಕೊಂಡರು.

“ಮುಂದಿನ ಮೈಪರೀಕ್ಷಾಕ ನಾಕ ತಿಂಗಳೈತ್ರಿ,” ಎಂದರು. “ಹೋದ ಸಲ ಹೆಂಗೋ ಹಲ್ಲ ಕಚ್ಚಿ ಕುಂತು ಪಾಸಾದೆ. ಈ ಸಲ ಆಗಂಗಿಲ್ಲ. ಚುಕ್ಕಾಣಿ ಬಿಡಿಸಿದ್ರ ನಾ ಏನಂತ ಇರ್ಲಿ?”

ಮೈಪರೀಕ್ಷೆಯೆಂದರೆ ನೀರುಬಸ್ಸಿನ ಚಾಲಕರಿಗೆ ವರ್ಷಕ್ಕೊಮ್ಮೆ ಮಂಡಳಿಯವರು ಮಾಡುವ ತಪಾಸಣೆ. ಎರಡು ತಾಸು ಚುಕ್ಕಾಣಿಯ ಮುಂದೆ ಏಳದೆ ಕುಳಿತು ದೋಣಿ ನಡೆಸಬೇಕು.

ನಾನು ಅವರಿಗೆ ಅವರ ದೋಣಿಯ ಮಾತಿನಲ್ಲೇ ಹೇಳಲು ನೋಡಿದೆ. ಪ್ರತಿ ನೀರುಬಸ್ಸಿನಲ್ಲೂ ಆಳಗಂಟೆ ಇರುತ್ತದೆ. ನೀರು ಕಡಿಮೆಯಾಗಿ ತಳಕ್ಕೆ ಏನಾದರೂ ತಾಗುವಂತಿದ್ದರೆ ಅದು ಬಡಿದುಕೊಳ್ಳುತ್ತದೆ. ಕೆಲವೊಮ್ಮೆ ಆ ಗಂಟೆಯ ತಿರುಪು ಬಿಗಿಯಾಗಿ, ಮೂವತ್ತಡಿ ನೀರಿದ್ದರೂ, ಒಂದು ಮೀನು ಹಾಯ್ದರೂ ಬಡಿದುಕೊಳ್ಳತೊಡಗುತ್ತದೆ. ನಿಮ್ಮ ಮೈಯ ಗಂಟೆಗೆ ಹಾಗಾಗಿದೆ ಎಂದೆ.

“ಅಂದ್ರ ಗಂಟಿ ಸುಳ್ಳ ಬಾರಸಾಕತ್ತೈತಿ ಅಂತೀರಿ,” ಎಂದರು ಅವರು, ಮುಖ ಬಿಗಿದುಕೊಂಡು.

“ಅಲ್ರಿ ಅಕ್ಕಾರ. ಗಂಟಿ ಖರೇನ ಬಾರಸಾಕತ್ತೈತಿ. ನಿಮಗ ಕೇಳೂದೂ ಖರೆ, ಕಿವಿ ಹರಿಯೂದೂ ಖರೆ. ಕೆಳಗ ಕಲ್ಲಿಲ್ಲ, ಅಷ್ಟ. ತಿರುಪು ಸಡಲ ಮಾಡಬೇಕು. ಒಂದ ದಿನಕ್ಕ ಆಗೂದಲ್ಲ.”

ಅವರು ಮೊದಲ ಸಲ ನನ್ನ ಮುಖ ನೋಡಿದರು.

ಸಡಿಲ ಮಾಡುವ ದಾರಿ ನಿಮ್ಮ ಕಾಲದಲ್ಲೂ ಗೊತ್ತಿದ್ದುದೇ: ನೋವಿನ ಮೈಯನ್ನು ನಿಧಾನವಾಗಿ, ಹೆದರಿಸದೆ, ಮತ್ತೆ ಓಡಾಡಿಸುವುದು. ಮೈಮನೆಯ ಹಿಂದೆ ಎದೆಮಟ್ಟದ ತೊಟ್ಟಿಯಿದೆ. ಚಾವಣಿಯ ಕೊಳವೆಗಳಲ್ಲಿ ಬಿಸಿಲಿಗೆ ಕಾದ ನೀರನ್ನು ಅದಕ್ಕೆ ಬಿಡುತ್ತೇವೆ, ಹಸುಗೂಸಿನ ಸ್ನಾನಕ್ಕೆ ಹದ ಮಾಡಿದಷ್ಟು ಬೆಚ್ಚಗೆ. ಆ ನೀರಿನಲ್ಲಿ ಮೈಯ ಭಾರ ಅರ್ಧಕ್ಕರ್ಧ ಇಳಿಯುತ್ತದೆ. ಅಲ್ಲಿ ನಡೆಯಬೇಕು. ಆಮೇಲೆ ಕೂತು ಭುಜ ತಿರುಗಿಸುವುದು, ಮೆತ್ತನೆಯ ರಬ್ಬರ್ ಪಟ್ಟಿ ಎಳೆಯುವುದು, ಉಸಿರನ್ನು ಹೊಟ್ಟೆಗೆ ಇಳಿಸುವುದು, ಮಲಗುವ ಹೊತ್ತನ್ನು ಒಂದೇ ಮಾಡಿಕೊಳ್ಳುವುದು. ಇದರಲ್ಲಿ ಬೆರಗುಪಡುವಂಥದ್ದು ಏನೂ ಇಲ್ಲ. ಶಾವಂತ್ರಕ್ಕನಿಗೆ ಮೊದಲ ವಾರ ನೀರಿನಲ್ಲಿ ಮೂರು ನಿಮಿಷ ಎಂದು ಬರೆದುಕೊಟ್ಟೆ.

“ಮೂರ ನಿಮಿಷಕ್ಕ ಮೈ ತೋಯಿಸ್ಕೊಂಡು ಬರೂದೇನ್ರಿ?” ಎಂದರು. ಅವರಿಗೆ ಅವಮಾನವಾಗಿತ್ತು. ಎಪ್ಪತ್ತು ಜನರನ್ನು ದಡ ಮುಟ್ಟಿಸುತ್ತಿದ್ದ ಹೆಂಗಸಿಗೆ ನಾನು ತೊಟ್ಟಿಯಲ್ಲಿ ನಾಲ್ಕು ಸುತ್ತು ಹಾಕಲು ಹೇಳುತ್ತಿದ್ದೆ.

ಆದರೂ ಬಂದರು. ವಾರಕ್ಕೆ ಮೂರು ದಿನ, ಬೆಳಗಿನ ಪಾಳಿ ಮುಗಿಸಿ, ಕದ ಮುಚ್ಚುವ ಮೊದಲು. ಎರಡನೆಯ ವಾರ ನಾಲ್ಕು ನಿಮಿಷ, ಮೂರನೆಯ ವಾರ ಐದು. ಏಳನೆಯ ವಾರಕ್ಕೆ ಒಂಬತ್ತು ನಿಮಿಷ ಎಲ್ಲೂ ನಿಲ್ಲದೆ ನಡೆದರು. ಚಪಾತಿ ಲಟ್ಟಿಸಿದೆ ಎಂದು ಒಂದು ದಿನ ಹೇಳಿದರು. ಎಷ್ಟು ಸಲೀಸಾಗಿ ಮಡಚುತ್ತವೆಂದು ಬೆರಳು ಮಡಚಿ ತೋರಿಸಿದರು. ಬಂದಾಗ ಮುಖದಲ್ಲಿದ್ದ ಬೂದಿಬಣ್ಣ ಹೋಗಿತ್ತು.

ಇಲ್ಲಿಂದ ಮುಂದಿನದು ನನ್ನ ತಪ್ಪಿನ ವಿಷಯ.

ಎಂಟನೆಯ ವಾರದ ಒಂದು ದಿನ ಶಾವಂತ್ರಕ್ಕ ನಗುತ್ತ ಬಂದರು. “ಬಾಯಾರ, ಇವತ್ತ ಮೈ ಹಗರೈತ್ರಿ. ಮೂರು ವರ್ಷದಾಗ ಹಿಂಗ ಇರಲೇ ಇಲ್ಲ.” ನನಗೂ ಖುಷಿಯಾಯಿತು. ಪರೀಕ್ಷೆಗೆ ಇನ್ನೆರಡೇ ತಿಂಗಳಿತ್ತು. ಹತ್ತರ ಜಾಗದಲ್ಲಿ ಇಪ್ಪತ್ತೈದು ನಿಮಿಷ ನಡೆಸಿದೆ. ಹೊರಗೆ ಬಂದ ಮೇಲೆ ಗಟ್ಟಿಯ ಪಟ್ಟಿ ಕೊಟ್ಟೆ. ಅವರು ಎಲ್ಲವನ್ನೂ ಮಾಡಿದರು, ಮಾಡಬಲ್ಲೆನೆಂಬ ಸಂತೋಷದಲ್ಲಿ ಮನೆಗೆ ಹೋಗಿ ಮೂಲೆಯ ಗೋಣಿಚೀಲಗಳನ್ನೂ ಎತ್ತಿಟ್ಟರಂತೆ. ಮೈತುಂಬಿನವರಿಗೆ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಅಪಾಯದ್ದು. ನೋವು ಬಿಟ್ಟ ಸಂದಿಯಲ್ಲಿ ಮೂರು ವರ್ಷದ ಬಾಕಿ ಕೆಲಸವನ್ನೆಲ್ಲ ಮಾಡಿಬಿಡಬೇಕೆನ್ನಿಸುತ್ತದೆ. ಅವರನ್ನು ತಡೆಯಬೇಕಾದವಳು ನಾನು. ನನ್ನ ಪುಸ್ತಕದಲ್ಲಿ ಅದನ್ನೇ ದಪ್ಪಕ್ಷರದಲ್ಲಿ ಬರೆದಿದೆ. ನಾನು ತಡೆಯಲಿಲ್ಲ, ದೂಡಿದೆ.

ಮರುದಿನ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಅದರ ಮರುದಿನವೂ. ಒಂಬತ್ತು ದಿನ ಪಾಳಿ ತಪ್ಪಿತು. ಬಸಲಿಂಗಪ್ಪನಿಂದ ಒಂದು ಸಾಲಿನ ಸಂದೇಶ ಬಂತು: ನಮ್ಮ ಮನೆಯವರು ಇನ್ನು ಬರುವುದಿಲ್ಲ.

ಮೈಮನೆಯ ಹಿರಿಯ ಒಡನಡೆಯವರು ಜೈನಾಬಿ. ಎಪ್ಪತ್ತೆರಡು ವರ್ಷ, ಇವತ್ತಿಗೂ ದಿನಾ ತೊಟ್ಟಿಗಿಳಿಯುತ್ತಾರೆ. ಅವರ ಮುಂದೆ ಹೋಗಿ ನಿಂತೆ. ಪರೀಕ್ಷೆ ಹತ್ತಿರ ಬಂದಿತ್ತು, ಅದಕ್ಕೇ ಅವಸರ ಮಾಡಿದೆ ಎಂದೆ. ಅದು ಅರ್ಧ ನಿಜ. ಶಾವಂತ್ರಕ್ಕನನ್ನು ಗುಣ ಮಾಡಿದವಳೆಂದು ಜೈನಾಬಿಯವರ ಬಾಯಲ್ಲಿ ಅನ್ನಿಸಿಕೊಳ್ಳುವ ಆಸೆ ಉಳಿದರ್ಧ. ಅದನ್ನೂ ಹೇಳಿದೆ.

ಅವರು ಕೂದಲು ಒರೆಸಿಕೊಳ್ಳುತ್ತಿದ್ದರು. “ನೋವು ಅಕೀದು, ಅವಸರ ನಿಂದು,” ಎಂದರು. ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, “ಹೋಗಿ ಬಾ ಅವರ ಮನೀಗೆ. ತಪ್ಪಾತು ಅನ್ನು. ಅದರಾಗ ಮತ್ತೇನೂ ಕಲಸಾಕ ಹೋಗಬ್ಯಾಡ.”

ನಾಲ್ಕಕ್ಕೆ ಕದ ತೆರೆದ ಕೂಡಲೇ ಹೊರಟೆ. ಬಸಲಿಂಗಪ್ಪ ಬಾಗಿಲು ತೆಗೆದರು, ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಒಳಗೆ ಶಾವಂತ್ರಕ್ಕ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಹೊದಿಕೆ ಕಾಲ ಬಳಿ ಮಡಚಿಟ್ಟಿತ್ತು. ಬಟ್ಟೆ ಸೋಕಿದರೂ ಉರಿಯುತ್ತಿದ್ದ ಕಾರಣ ಹೊದೆಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ಸಜ್ಜೆರೊಟ್ಟಿ ತಟ್ಟೆಯಲ್ಲಿ ಹಾಗೇ ಒಣಗಿತ್ತು.

ಬಸಲಿಂಗಪ್ಪ ನನ್ನ ಮುಂದೆಯೇ ಅವರ ಬೆನ್ನ ಮೇಲೆ ಕನ್ನಡಿ ಹಿಡಿದರು. “ಇವತ್ತೂ ಹಸರ ಐತ್ರಿ. ಒಂಬತ್ತ ದಿನದಿಂದ ಅಕಿ ಉಂಡಿಲ್ಲ, ನಿದ್ದಿಲ್ಲ. ಇದು ಹಸರ ಅಂತೈತಿ. ಯಾವುದನ್ನ ನಂಬ್ಲಿ ನಾ?”

ಏನಾದರೂ ವಿವರಿಸಬೇಕೆಂದು ಬಾಯಿಗೆ ಬಂದದ್ದನ್ನು ತಡೆದೆ. ಚಾಪೆಯ ಪಕ್ಕ ನೆಲದ ಮೇಲೆ ಕುಳಿತೆ.

“ಅಕ್ಕಾರ, ತಪ್ಪು ನಂದು. ಹತ್ತ ನಿಮಿಷ ಮಾಡಸಬೇಕಾದಲ್ಲಿ ಇಪ್ಪತ್ತೈದ ಮಾಡಿಸಿದೆ. ನಿಮ್ಮ ಮೈ ತಡಕೊಳ್ಳಲಿಲ್ಲ. ನೀವು ಮಾಡಿದ್ದೇನೂ ಅಲ್ಲ. ನಾನ ಮಾಡಿದ್ದು.”

ಅವರು ತಿರುಗಲಿಲ್ಲ. ಅವರ ಬೆನ್ನು ಅಲುಗಿತು. ಅಳುತ್ತಿದ್ದಾರೆಂದು ಆಗ ಗೊತ್ತಾಯಿತು. ಮೂರು ವರ್ಷದಲ್ಲಿ ಬಹಳ ಜನ ಅವರಿಗೆ ಬಹಳ ಹೇಳಿದ್ದರು: ಮನಸ್ಸು ಗಟ್ಟಿ ಮಾಡಿಕೋ, ವಯಸ್ಸಿನ ದೋಷ, ಸುಮ್ಮನೆ ಕೂತರೆ ಹೆಚ್ಚಾಗುತ್ತದೆ, ಎಲ್ಲರಿಗೂ ಇರುವುದೇ. ಅವರ ನೋವಿಗೆ ಅವರಲ್ಲದೆ ಇನ್ನೊಬ್ಬರು ಹೊಣೆ ಹೊತ್ತದ್ದು ಅದೇ ಮೊದಲು.

ಬಸಲಿಂಗಪ್ಪ ನನ್ನನ್ನೂ ಹೆಂಡತಿಯನ್ನೂ ನೋಡುತ್ತ ನಿಂತಿದ್ದರು. ಆಮೇಲೆ ಕನ್ನಡಿಯನ್ನು ಗೋಡೆಯ ಗೂಡಿನಲ್ಲಿಟ್ಟು ಬಂದು ಚಾಪೆಯ ಇನ್ನೊಂದು ಬದಿ ಕುಳಿತು, ಬಹಳ ಮೆಲ್ಲಗೆ, “ಎಲ್ಲಿ ನೋಯ್ತೈತಿ ಹೇಳು,” ಎಂದರು.

ಅದನ್ನು ಅವರು ಅಲ್ಲಿಯ ತನಕ ಕೇಳಿರಲೇ ಇಲ್ಲವಂತೆ. ಕನ್ನಡಿ ಇರುವ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಶಾವಂತ್ರಕ್ಕ ಮೊದಲು ಏನಿಲ್ಲ ಎಂದರು. ಮತ್ತೆ ಕೇಳಿದಾಗ ಹೇಳತೊಡಗಿದರು. ಎಡಗಡೆ ಕುತ್ತಿಗೆಯ ಬುಡದಲ್ಲಿ ಸುತ್ತಿಗೆಯಿಂದ ಬಡಿದಂತೆ, ಮೊಣಕೈಯೊಳಗೆ ಸೂಜಿ ಆಡಿಸಿದಂತೆ, ಸೊಂಟದಲ್ಲಿ ಹಸಿ ಬಟ್ಟೆ ಹಿಂಡಿದಂತೆ. ಬೆಳಗ್ಗೆ ಹಲ್ಲುಜ್ಜಲು ಕೈಯೆತ್ತುವ ಮೊದಲು ಎಷ್ಟರ ತನಕ ಎಣಿಸುತ್ತಾರೆ, ಚುಕ್ಕಾಣಿಯ ಮುಂದೆ ಯಾವ ತಿರುವಿನಲ್ಲಿ ಕಣ್ಣು ಕತ್ತಲಿಡುತ್ತದೆ, ಎಲ್ಲ ಹೇಳಿದರು. ಅರ್ಧ ತಾಸಾದರೂ ಆಗಿರಬೇಕು. ಬಸಲಿಂಗಪ್ಪ ನಡುವೆ ಬಾಯಿ ಹಾಕಲಿಲ್ಲ. ನಾನು ಎದ್ದು ಹೊರಟದ್ದು ಅವರಿಬ್ಬರಿಗೂ ಗೊತ್ತಾಗಲಿಲ್ಲ.

ಹತ್ತು ದಿನದ ಮೇಲೆ ಇಬ್ಬರೂ ಮೈಮನೆಗೆ ಬಂದರು. ಎರಡು ನಿಮಿಷದಿಂದ ಮತ್ತೆ ಶುರುಮಾಡಿದೆವು. ಬಸಲಿಂಗಪ್ಪನಿಗೆ ನೀರೆಂದರೆ ಹೆದರಿಕೆ, ಈಜು ಬಾರದು. ಲುಂಗಿ ಎತ್ತಿಕಟ್ಟಿ, ಕಟ್ಟೆಯ ಕಂಬಿ ಹಿಡಿದುಕೊಂಡು ಹೆಂಡತಿಯ ಪಕ್ಕ ನಡೆದರು. ಅವರ ಮುಖ ನೋಡಿ ಶಾವಂತ್ರಕ್ಕ ತಡೆಯಲಾರದೆ ನಕ್ಕರು. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ ನಡೆಯಬೇಕೆಂಬ ನಿಯಮವನ್ನು ಗೋಡೆಯ ಮೇಲೆ ಬರೆದು ಹಾಕಿದೆ, ಅವರಿಗಿಂತ ಹೆಚ್ಚಾಗಿ ನನಗಾಗಿ. ಹಗುರಾದ ದಿನ ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. “ಇನ್ನೊಂದ ಸುತ್ತ ಹಾಕ್ಲೇನ್ರಿ?” ಎನ್ನುವರು. “ಬ್ಯಾಡ್ರಿ,” ಎನ್ನುವೆ. ಮುಖ ಸಣ್ಣ ಮಾಡಿಕೊಂಡು ಮೆಟ್ಟಿಲು ಹತ್ತುವರು.

ಮೈಪರೀಕ್ಷೆಯ ಹೊತ್ತಿಗೆ ಆರು ನಿಮಿಷಕ್ಕೆ ಬಂದಿದ್ದೆವು. ಎರಡು ತಾಸು ಏಳದೆ ಕೂರುವುದು ಸಾಧ್ಯವಿರಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಭುಜ ತಿರುಗಿಸಿ, ಹಿಮ್ಮಡಿಯೆತ್ತಿ ಇಳಿಸಿ, ಎರಡು ಉಸಿರು ತೆಗೆದುಕೊಂಡರೆ ಮಾತ್ರ ಸಾಧ್ಯ. ಹೋದ ವರ್ಷದಂತೆ ಹಲ್ಲು ಕಚ್ಚಿ ಕೂತು, ಆಮೇಲೆ ಒಂದು ತಿಂಗಳು ಮಲಗಬಹುದಿತ್ತು. ಅವರು ಹಾಗೆ ಮಾಡುವುದಿಲ್ಲ ಎಂದರು. ಮಂಡಳಿಯ ಮುಂದೆ ನಿಂತು ತನಗೆ ಮೈತುಂಬು ಇದೆಯೆಂದು ಬಾಯಿಬಿಟ್ಟು ಹೇಳಿದರು. ನಾನು ಸಾಕ್ಷಿಯಾಗಿ ಹೋಗಿದ್ದೆ. ತಾವು ಕೆಲಸಕ್ಕೆ ಸೇರಿದಾಗಿನಿಂದ ಯಾವ ಚಾಲಕರೂ ಅದನ್ನು ಅಲ್ಲಿ ಹೇಳಿರಲಿಲ್ಲವೆಂದು ಮಂಡಳಿಯ ಗುಮಾಸ್ತರೇ ಅಂದರು.

ಹಿರಿಯ ಪರೀಕ್ಷಕರು ಕನ್ನಡಿ ಹಿಡಿದು ನೋಡಿ, “ಎಲ್ಲಾ ಹಸರ ಐತಲ್ಲವಾ? ಮತ್ಯಾಕ ಏಳಬೇಕು ನೀ?” ಎಂದರು.

“ಸಾಹೇಬರ, ಎಪ್ಪತ್ತ ಮಂದಿ ನನ್ನ ನಂಬಿ ಕುಂತಿರ್ತಾರ,” ಎಂದರು ಶಾವಂತ್ರಕ್ಕ. “ಎದ್ದರ ಕೈ ಗಟ್ಟಿ ಇರ್ತೈತಿ. ಏಳದಿದ್ರ ಇರಂಗಿಲ್ಲ. ಅದನ್ನ ನಿಮ್ಮ ಕನ್ನಡಿ ಹೇಳಂಗಿಲ್ರಿ, ನಾ ಹೇಳಾಕತ್ತೀನಿ.”

ಮಂಡಳಿಯವರು ಒಳಗೆ ಹೋಗಿ ಬಹಳ ಹೊತ್ತು ಮಾತಾಡಿಕೊಂಡರು. ಬಡಗಣ ಮಾರ್ಗ ಕೊಡಲಾಗದು ಎಂದರು. ನಡುವೆ ಏಳುವುದಕ್ಕೆ ಆ ದಾರಿಯಲ್ಲಿ ನಿಯಮವಿಲ್ಲ. ಚುಕ್ಕಾಣಿ ಮಾತ್ರ ಬಿಡಿಸಲಿಲ್ಲ. ಎರಡು ಘಾಟುಗಳ ನಡುವಿನ ಸಣ್ಣ ದಾಟುದೋಣಿಗೆ ಹಾಕಿದರು. ಆಚೆ ದಡ ಮುಟ್ಟಲು ಹದಿನೆಂಟು ನಿಮಿಷ. ಹೊಸಬರಿಗೆ ಕೊಡುವ ಕೆಲಸ ಅದು. ಹೊರಗೆ ಬಂದು ಶಾವಂತ್ರಕ್ಕ ಕಟ್ಟೆಯ ಮೇಲೆ ಕುಳಿತು ಸಿಟ್ಟಿನಿಂದ ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಅದು ನಷ್ಟವೇ. ನಷ್ಟವಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ.

ಅದಾಗಿ ಎರಡು ವರ್ಷವಾಯಿತು. ಅವರು ದಾಟುದೋಣಿಯಲ್ಲೇ ಇದ್ದಾರೆ, ದಿನಕ್ಕೆ ಆರು ದಾಟು. ಪ್ರತಿ ದಡದಲ್ಲೂ ಎದ್ದು, ಯಾರು ನೋಡಿದರೂ ಲೆಕ್ಕಿಸದೆ ಭುಜ ತಿರುಗಿಸುತ್ತಾರೆ. ನೀರಿನಲ್ಲಿ ಹದಿನೈದು ನಿಮಿಷ ನಡೆಯುತ್ತಾರೆ, ಮೆತ್ತನೆಯ ಪಟ್ಟಿಯಿಂದ ನಡುವಿನ ಪಟ್ಟಿಗೆ ಬಂದಿದ್ದಾರೆ. ನೋವು ಹೋಗಿಲ್ಲ. ಮೊದಲು ತಿಂಗಳಲ್ಲಿ ಇಪ್ಪತ್ತು ದಿನ ಅವರನ್ನು ಕೆಡವುತ್ತಿದ್ದುದು ಈಗ ಐದಾರು ದಿನಕ್ಕೆ ಇಳಿದಿದೆ. ಪರೀಕ್ಷೆಯ ಸುದ್ದಿ ಹಬ್ಬಿದ ಮೇಲೆ ಬೇರೆ ಮಾರ್ಗಗಳ ನಾಲ್ವರು ಚಾಲಕರು, ಅವರಲ್ಲಿಬ್ಬರು ಗಂಡಸರು, ಒಬ್ಬೊಬ್ಬರಾಗಿ ಮೈಮನೆಗೆ ಬಂದರು. ನಾಲ್ವರೂ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡವರು. ಈಗ ಐದೂ ಜನ ಸೇರಿ ಏಳುವ ನಿಯಮಕ್ಕಾಗಿ ಮಂಡಳಿಗೆ ಅರ್ಜಿ ಹಾಕಿದ್ದಾರೆ. ಉತ್ತರ ಬಂದಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಈ ನೋವಿದ್ದರೆ, ನನ್ನ ಕೋರಿಕೆಯೊಂದಿದೆ. ನಾಚಿಕೆಯಾಗುವಷ್ಟು ಸಣ್ಣದರಿಂದ ಶುರುಮಾಡಿ. ಬೀದಿಯ ಕೊನೆಯ ತನಕ ಹೋಗಲಾಗದಿದ್ದರೆ ಪಕ್ಕದ ಮನೆಯ ತನಕ ನಡೆದು ಬನ್ನಿ, ನಾಳೆಯೂ ಅಷ್ಟೇ ನಡೆಯಿರಿ. ಬಲ್ಲ ಒಡನಡೆಯವರೊಬ್ಬರು ಸಿಕ್ಕರೆ ಬಿಡಬೇಡಿ. ಅವರು ಅವಸರ ಮಾಡಿದರೆ ಬೇಡವೆನ್ನಿ. ನೋವಿರುವವರ ಮನೆಯವರಿಗೆ ನಾನು ಹೆಚ್ಚೇನೂ ಹೇಳಲಾರೆ. ಕೂತು ಕೇಳಿ, ಪೂರ್ತಿ ಮುಗಿಯುವ ತನಕ.

ಈ ವಾರ ಶಾವಂತ್ರಕ್ಕನಿಗೆ ಕೆಟ್ಟ ವಾರ. ನಿನ್ನೆ ಬರುವುದಿಲ್ಲವೆಂದುಕೊಂಡಿದ್ದೆ, ಬಂದರು. ಮೆಟ್ಟಿಲು ಹಿಡಿದು ತೊಟ್ಟಿಗಿಳಿದು, ನಡೆಯಲಾಗದೆ, ಕಣ್ಣು ಮುಚ್ಚಿ ಎದೆಮಟ್ಟದ ನೀರಿನಲ್ಲಿ ಸುಮ್ಮನೆ ನಿಂತರು. “ಇವತ್ತ ಇಷ್ಟ ಆಕ್ಕೈತ್ರಿ,” ಎಂದರು. ಇಷ್ಟೇ ಸಾಕು ಎಂದೆ. ಒಂದು ನಿಮಿಷ ನಿಂತು, ಮೈ ಒರೆಸಿಕೊಂಡು, ದಾಟುದೋಣಿಯ ಪಾಳಿಗೆ ಹೋದರು. ಅವರ ಹಾಳೆಯಲ್ಲಿ ಆ ದಿನದ ಅಭ್ಯಾಸ ಪೂರ್ತಿಯಾಯಿತೆಂದು ಬರೆದು ಸಹಿ ಮಾಡಿದ್ದೇನೆ.

ನೀವು ನೆಮ್ಮದಿಯಾಗಿ ನಿದ್ದೆ ಮಾಡುವಂತಾಗಲಿ ಎಂದು ಹಾರೈಸುವ,
ಕಸ್ತೂರಿ ಮುಧೋಳ
ಒಡನಡೆಯವಳು, ಮೈಮನೆ